ಗದ್ದಲದಲ್ಲಿ ಮಾತು ತಿಳಿಯುವುದಿಲ್ಲವೇ?

ಕಾಸರಗೋಡಿನ ನಮ್ಮ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಪಂಪು, ತೋಡಿನ ನೀರು, ಜೀರುಂಡೆ ಎಲ್ಲ ಸದ್ದೂ ಬೆರೆತೇ ಕಿವಿಗೆ ಬೀಳುತ್ತದೆ. ಆದರೂ ಮನೆಯಿಂದ ಕರೆದ ದನಿಯನ್ನು ನಾವು ಗುರುತಿಸುತ್ತೇವೆ. ಒಟ್ಟಿಗೆ ಆರಂಭವಾಗುವ, ಒಂದೇ ಶ್ರುತಿಗೆ ಹೊಂದುವ, ಒಂದೇ ದಿಕ್ಕಿನಿಂದ ಬರುವ ಸದ್ದುಗಳನ್ನು ಮೆದುಳು ಒಂದು ಗುಂಪಾಗಿ ಸೇರಿಸುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬ್ರೆಗ್ಮನ್ 1990ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ.

ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಹಾಳಾದರೆ ಈ ವಿಂಗಡಣೆ ಕೆಡುತ್ತದೆ. ಜಗಲಿಯಲ್ಲಿ ಸರಿಯಾಗಿ ಕೇಳುವ ಅಜ್ಜನಿಗೆ ಮೊಂತಿ ಹಬ್ಬದ ಊಟದ ಗದ್ದಲದಲ್ಲಿ ಮಾತು ತಿಳಿಯದು. ಅದು ಅಸಡ್ಡೆಯಲ್ಲ. ಕಿರುಚದೆ, ಎದುರು ಕುಳಿತು ನಿಧಾನವಾಗಿ ಮಾತನಾಡೋಣ. ಕಿವಿ ಪರೀಕ್ಷೆ ಮಾಡಿಸೋಣ.

ಹಾಳಾದ ಕೋಶ ಮತ್ತೆ ಬೆಳೆಯುವುದಿಲ್ಲ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ. ಪೆಟ್ರೋಲಿನ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಸಾಮಾನ್ಯವಾಗಿ ಅದನ್ನು ಮೀರುತ್ತದೆ. ಯಂತ್ರ ಹಿಡಿಯುವ ಮುನ್ನ ಕಿವಿಗೆ ರಕ್ಷಣೆ ಇಡೋಣ.