ಒರೆಸಿ ಒರೆಸಿ ಹಾಳಾಗುವ ಹೊಳಪು

ಹೊಸ ಕಾರು ಬುಕ್ ಮಾಡಿದವರ ಕೈಗೆ ಬರುವ ಲೆಕ್ಕದ ಹಾಳೆಯಲ್ಲಿ ಎಕ್ಸ್‌ ಶೋರೂಂ ಬೆಲೆ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್ ಎಲ್ಲ ಮುಗಿದ ಮೇಲೆ ತಳದಲ್ಲಿ ಇನ್ನೊಂದು ಸಾಲು ಇರುತ್ತದೆ: ಪೇಂಟ್ ಪ್ರೊಟೆಕ್ಷನ್. ಬೇಡ ಎಂದರೆ ಶೋರೂಮಿನ ಹುಡುಗ, ‘ಸರ್, ನಮ್ಮ ಬಿಸಿಲಿಗೆ ಒಂದೇ ವರ್ಷದಲ್ಲಿ ಬಣ್ಣ ಮಂಕಾಗುತ್ತೆ’ ಎಂದು ಹೆದರಿಸುತ್ತಾನೆ. ಬೇಕು ಎಂದರೆ ಮನೆಯಲ್ಲಿ ಚಿಕ್ಕಪ್ಪ, ‘ಹೊಸ ಗಾಡಿಗೆ ಆರು ತಿಂಗಳು ಏನೂ ಹಚ್ಚಬಾರದು ಕಣೋ, ಪೇಂಟ್ ಇನ್ನೂ ಹಸಿ ಇರುತ್ತೆ’ ಎಂದು ತಡೆಯುತ್ತಾರೆ. ಇಬ್ಬರ ಮಾತೂ ತಪ್ಪು. ಆದರೆ ಚಿಕ್ಕಪ್ಪನ ಮಾತಿಗೆ ಒಂದು ಹಿನ್ನೆಲೆಯಾದರೂ ಇದೆ.

‘ಪೇಂಟ್ ಹಸಿ ಇರುತ್ತೆ, ವ್ಯಾಕ್ಸ್ ಮುಟ್ಟಿಸಬೇಡಿ’

ಬಿಡದಿಯಲ್ಲಿ ತಯಾರಾದ ಕಾರಾಗಲಿ, ಬೇರೆ ರಾಜ್ಯದಿಂದ ಬಂದದ್ದಾಗಲಿ, ಅದಕ್ಕೆ ಪೇಂಟ್ ಬೀಳುವುದು ಸೀಟು, ವೈರು, ಗಾಜು, ಟೈರು ಯಾವುದೂ ಇಲ್ಲದ ಖಾಲಿ ತಗಡಿನ ಬಾಡಿಯಾಗಿದ್ದಾಗ. ಆ ಬಾಡಿಯನ್ನು ತೊಳೆದು, ಫಾಸ್ಫೇಟ್ ದ್ರಾವಣ ಹಾಯಿಸಿ, ಆಮೇಲೆ ಪೇಂಟಿನ ದೊಡ್ಡ ತೊಟ್ಟಿಯಲ್ಲಿ ಇಡಿಯಾಗಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಸಂದುಗೊಂದಿನ ತನಕ ಹೋಗಿ ಕೂರುವ ಈ ಮೊದಲ ಪದರವೇ ತುಕ್ಕಿಗೆ ಮುಖ್ಯ ತಡೆ. ಅದರ ಮೇಲೆ ಪ್ರೈಮರ್, ನಂತರ ಬಣ್ಣ ಕೊಡುವ ಬೇಸ್ ಕೋಟ್, ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಮೇಲಿನ ಪದರಗಳು ಸುಮಾರು 140 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್‌ನಲ್ಲಿ ಬೆಂದು ಗಟ್ಟಿಯಾಗುತ್ತವೆ. ಗಾಡಿ ಲೈನಿನಿಂದ ಇಳಿಯುವ ಹೊತ್ತಿಗೆ ಅಲ್ಲಿ ಹಸಿ ಅನ್ನುವುದು ಉಳಿದಿರುವುದಿಲ್ಲ. ಮನೆಗೆ ಬಂದ ದಿನವೇ ವ್ಯಾಕ್ಸ್ ಹಚ್ಚಿದರೂ ತೊಂದರೆಯಿಲ್ಲ.

ಆರು ತಿಂಗಳ ಮಾತು ಹುಟ್ಟಿದ್ದು ಗ್ಯಾರೇಜಿನಲ್ಲಿ. ಗುದ್ದಿಸಿಕೊಂಡ ಬಾಗಿಲಿಗೆ ಟಿಂಕರಿಂಗ್ ಮಾಡಿ ಮತ್ತೆ ಪೇಂಟ್ ಹೊಡೆಯುವಾಗ ಗಾಡಿಯಲ್ಲಿ ವೈರಿಂಗ್, ಪ್ಲಾಸ್ಟಿಕ್, ಪೆಟ್ರೋಲ್ ಎಲ್ಲ ಇರುತ್ತದೆ. 140 ಡಿಗ್ರಿಗೆ ಕಾಯಿಸುವ ಹಾಗಿಲ್ಲ. ಒಳ್ಳೆಯ ಪೇಂಟ್ ಬೂತ್‌ನಲ್ಲಿ 60 ಡಿಗ್ರಿ ಸುಮಾರಿಗೆ ಒಣಗಿಸುತ್ತಾರೆ, ಸಣ್ಣ ಗ್ಯಾರೇಜಿನಲ್ಲಿ ಬಿಸಿಲೇ ಗತಿ. ಅಂಥ ಪೇಂಟಿನ ಒಳಗಿನ ಥಿನ್ನರ್ ವಾರಗಟ್ಟಲೆ ನಿಧಾನವಾಗಿ ಆರುತ್ತಿರುತ್ತದೆ, ಅದರ ಮೇಲೆ ವ್ಯಾಕ್ಸ್ ಎಳೆದರೆ ಹೊರಬರುವ ದಾರಿ ಮುಚ್ಚಿದಂತಾಗುತ್ತದೆ. ಅದಕ್ಕೇ ಪೇಂಟರ್‌ಗಳು ಒಂದರಿಂದ ಮೂರು ತಿಂಗಳು ಕಾಯಲು ಹೇಳುವುದು. ಮರುಪೇಂಟಿಗೆ ಸರಿಯಾದ ಈ ಮಾತು ಬಾಯಿಂದ ಬಾಯಿಗೆ ಹೋಗಿ ಹೊಸ ಗಾಡಿಗೂ ಅಂಟಿಕೊಂಡಿತು, ತಿಂಗಳು ಮೂರರಿಂದ ಆರಾಯಿತು.

‘ವರ್ಷಕ್ಕೊಂದು ಸಲ ರಬ್ಬಿಂಗ್–ಪಾಲಿಶ್ ಆಗಲೇಬೇಕು’

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಇದು ತಪ್ಪು ಮಾತಾಗಿರಲಿಲ್ಲ. ಆ ಗಾಡಿಗಳಿಗೆ ಮೇಲೆ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣದ ಪದರವೇ ಬಿಸಿಲಿಗೆ ಮುಖ ಒಡ್ಡಿ ನಿಂತಿರುತ್ತಿತ್ತು. ವರ್ಷ ಕಳೆದಂತೆ ಮೇಲ್ಭಾಗ ಸುಣ್ಣದ ಪುಡಿ ಕೂತ ಹಾಗೆ ಆಗುತ್ತಿತ್ತು. ಆಯುಧ ಪೂಜೆಗೆ ಮುಂಚೆ ಕಾಂಪೌಂಡ್ ಹಾಕಿ ತಿಕ್ಕಿದರೆ ಸತ್ತ ಪದರ ಹೋಗಿ ಒಳಗಿನ ಹೊಸ ಬಣ್ಣ ಬರುತ್ತಿತ್ತು. ತಿಕ್ಕಿದ ಬಟ್ಟೆಗೆ ಗಾಡಿಯ ಬಣ್ಣವೇ ಹತ್ತಿರುತ್ತಿತ್ತು.

ಈಗ ತಿಕ್ಕಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಏನೂ ಸವೆಯುತ್ತಿಲ್ಲ ಎಂದುಕೊಳ್ಳುತ್ತೇವೆ. ಸವೆಯುತ್ತಿರುವುದು ಬಣ್ಣವಿಲ್ಲದ ಕ್ಲಿಯರ್ ಕೋಟ್, ಅದಕ್ಕೇ ಕಾಣುವುದಿಲ್ಲ. ತಗಡಿನ ಮೇಲಿನ ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40–50 ಮೈಕ್ರಾನ್ ಆಸುಪಾಸು. ತಲೆಕೂದಲಿನ ದಪ್ಪ 70 ಮೈಕ್ರಾನ್ ಎಂದಿಟ್ಟುಕೊಂಡರೆ ಗಾಡಿಯ ಹೊಳಪೆಲ್ಲ ಕೂದಲಿಗಿಂತ ತೆಳುವಾದ ಒಂದು ಪದರದಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣ ಹೀರಿಕೊಳ್ಳುವ ರಾಸಾಯನಿಕ ಬೆರೆತಿರುವುದೂ ಇಲ್ಲೇ. ಶೋರೂಮಿನ ಹುಡುಗ ಹೇಳುವ ಒಂದು ವರ್ಷದ ಗಡುವು ಸುಳ್ಳಾಗುವುದು ಈ ಪದರದಿಂದ. ಪ್ರತಿ ಗಟ್ಟಿ ರಬ್ಬಿಂಗ್ ಅದರಿಂದ ಕೆಲವು ಮೈಕ್ರಾನ್ ಒಯ್ಯುತ್ತದೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ. ಹಳೆಯ ಕಾರುಗಳ ಬಾನೆಟ್ ಮತ್ತು ಟಾಪ್ ಮೇಲೆ ಬೆಳ್ಳಗೆ ಸಿಪ್ಪೆ ಏಳುವುದನ್ನು ನೋಡಿರುತ್ತೀರಿ. ಅಲ್ಲಿ ಕ್ಲಿಯರ್ ಕೋಟ್ ಮುಗಿದಿದೆ. ಆ ಸ್ಥಿತಿಗೆ ಬಂದ ಮೇಲೆ ಯಾವ ವ್ಯಾಕ್ಸೂ ಉಪಯೋಗಕ್ಕೆ ಬಾರದು, ಮರುಪೇಂಟ್ ಒಂದೇ ದಾರಿ.

ಕಾಂಪೌಂಡ್ ಮತ್ತು ಪಾಲಿಶ್ ಮೇಲ್ಮೈಯನ್ನು ತೆಗೆಯುತ್ತವೆ, ವ್ಯಾಕ್ಸ್ ಮೇಲ್ಮೈಗೆ ಸೇರಿಸುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಶೆಲ್ಫಿನಲ್ಲಿರುತ್ತವೆ. ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ತಿಕ್ಕುವ ಪುಡಿಯೂ ಸೇರಿರುತ್ತದೆ, ಹೊಸ ಗಾಡಿಗೆ ಅದು ಬೇಡ. ಗೀರಿಗೆ ಟೂತ್‌ಪೇಸ್ಟ್ ಹಚ್ಚುವ ಮನೆಮದ್ದೂ ಇದೇ ಜಾತಿ. ಪೇಸ್ಟು ಗೀರನ್ನು ತುಂಬುವುದಿಲ್ಲ, ಸುತ್ತಲಿನದನ್ನು ಸವೆಸಿ ಮಟ್ಟ ಮಾಡುತ್ತದೆ.

‘ದಿನಾ ಒರೆಸಿದರೆ ಗಾಡಿ ಹೊಸದಾಗಿಯೇ ಇರುತ್ತೆ’

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಹಾನಿ ಮಾಡುವವರೆಲ್ಲ ಗಾಡಿಯನ್ನು ಅಕ್ಕರೆಯಿಂದ ನೋಡಿಕೊಳ್ಳುವವರೇ ಎಂಬುದು ಇನ್ನೂ ಬೇಸರದ ಸಂಗತಿ.

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗಾದರೂ ಬೆಳಿಗ್ಗೆ ಆರಕ್ಕೆ ಇಳಿದು ನೋಡಿ. ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ನಿಂತ ಕಾರುಗಳು. ಬಟ್ಟೆ ಅದ್ದಿ, ಹಿಂಡಿ, ಬಾನೆಟ್ ಮೇಲೆ ಗುಂಡಗೆ ಒರೆಸಿ, ಬಾಗಿಲು, ಚಕ್ರದ ಮೇಲಿನ ಕಮಾನು ಮುಗಿಸಿ ಅದೇ ನೀರಿಗೆ ಅದ್ದಿ ಮುಂದಿನ ಕಾರಿಗೆ. ಮೂರನೇ ಕಾರಿನ ಹೊತ್ತಿಗೆ ನೀರು ಕೆಂಪಗಾಗಿರುತ್ತದೆ. ತಪ್ಪು ಒರೆಸುವವರದಲ್ಲ. ತಿಂಗಳಿಗೆ ಕೆಲವೇ ನೂರು ರೂಪಾಯಿ ಕೊಟ್ಟು ದಿನಾ ಸ್ವಚ್ಛವಾಗಿ ಕಾಣಬೇಕು ಎಂದವರು ನಾವು.

ನಮ್ಮ ಧೂಳು ಮೆತ್ತನೆಯದಲ್ಲ. ಬೆಂಗಳೂರು ಕೂತಿರುವುದೇ ನೈಸ್ ಮತ್ತು ಗ್ರಾನೈಟ್ ಬಂಡೆಯ ಮೇಲೆ. ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಕೂಡ ಪುಡಿ ಮಾಡಿದ ಬಂಡೆ. ಅದರಲ್ಲಿರುವ ಕ್ವಾರ್ಟ್ಜ್ ಕಣ ಗಾಜನ್ನೇ ಗೀರಬಲ್ಲದು, ಕ್ಲಿಯರ್ ಕೋಟ್ ಯಾವ ಲೆಕ್ಕ? ಅಂಥ ಕಣಗಳನ್ನು ಬಟ್ಟೆಯ ಕೆಳಗೆ ಸಿಕ್ಕಿಸಿ ಗುಂಡಗೆ ತಿರುಗಿಸಿದರೆ ಸಾವಿರಾರು ಸಣ್ಣ ಗೀರು ಬೀಳುತ್ತವೆ. ನೆರಳಿನಲ್ಲಿ ಕಾಣುವುದಿಲ್ಲ. ಕಪ್ಪು ಅಥವಾ ಕಡುನೀಲಿ ಗಾಡಿಯನ್ನು ಬಿಸಿಲಿಗೆ ತಂದು ಸೂರ್ಯನ ಪ್ರತಿಬಿಂಬ ಬಿದ್ದ ಕಡೆ ನೋಡಿದರೆ ಅದರ ಸುತ್ತ ಜೇಡರ ಬಲೆಯಂತೆ ಹೆಣೆದುಕೊಂಡಿರುತ್ತವೆ. ಬಿಳಿ, ಬೆಳ್ಳಿ ಬಣ್ಣದ ಗಾಡಿಯಲ್ಲಿ ಅಷ್ಟೇ ಗೀರಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಈ ಗೀರು ಮುಚ್ಚಲು ರಬ್ಬಿಂಗ್, ರಬ್ಬಿಂಗ್‌ನಿಂದ ಕ್ಲಿಯರ್ ಕೋಟ್ ಇನ್ನಷ್ಟು ತೆಳು.

ಸುಮ್ಮನೆ ಕೂತ ಒಣ ಧೂಳು ಪೇಂಟಿಗೆ ಏನೂ ಮಾಡುವುದಿಲ್ಲ. ಅದನ್ನು ಎಳೆದಾಡಿದಾಗಲೇ ತೊಂದರೆ. ಗಾಜು, ಕನ್ನಡಿ, ನಂಬರ್ ಪ್ಲೇಟ್ ಮಾತ್ರ ದಿನಾ ಒರೆಸಲು ಹೇಳಿ, ಉಳಿದದ್ದನ್ನು ವಾರಕ್ಕೋ ಹದಿನೈದು ದಿನಕ್ಕೋ ಸರಿಯಾಗಿ ತೊಳೆಯುವುದು ಮೇಲು. ಸರಿಯಾಗಿ ಎಂದರೆ ಮೊದಲು ನೀರು ಹಾಯಿಸಿ ಮಣ್ಣು ಇಳಿಸುವುದು, ಆಮೇಲೆ ಕಾರ್ ಶಾಂಪೂ, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್, ಮೇಲಿನಿಂದ ಕೆಳಕ್ಕೆ ನೇರ ಕೈ, ಚಕ್ರಕ್ಕೆ ಬೇರೆ ಬಟ್ಟೆ. ಪಾತ್ರೆ ತೊಳೆಯುವ ಸೋಪು ಒಂದು ಸಲಕ್ಕೆ ಪೇಂಟನ್ನು ಕೆಡಿಸದು, ಆದರೆ ಹಚ್ಚಿದ ವ್ಯಾಕ್ಸನ್ನು ಜಿಡ್ಡೆಂದೇ ತಿಳಿದು ತೆಗೆದುಬಿಡುತ್ತದೆ.

ನೀರೆಲ್ಲಿ ಎಂದು ಕೇಳುವವರಿದ್ದಾರೆ, ನ್ಯಾಯವೇ. 2024ರ ಮಾರ್ಚಿನಲ್ಲಿ ನೀರಿನ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆಗ ಪೈಪು ಬಿಟ್ಟು ಒದ್ದೆ ಬಟ್ಟೆ ಹಿಡಿದವರು ಬಹಳ. ನೀರಿಲ್ಲದಿದ್ದರೆ ಧೂಳಿನಲ್ಲೇ ಓಡಾಡುವುದು ಗಾಡಿಗೆ ಅದಕ್ಕಿಂತ ಕ್ಷೇಮ.

ಹೊಸ ಗಾಡಿಯ ಪೂಜೆಯ ಮಾತೂ ಇಲ್ಲೇ ಬರುತ್ತದೆ. ಅರಿಶಿನ, ಕುಂಕುಮ, ವಿಭೂತಿ ಹಚ್ಚಿದ್ದರಿಂದ ಪೇಂಟ್ ಹಾಳಾಗುತ್ತದೆ ಎಂದು ಗೊಣಗುವವರಿದ್ದಾರೆ. ಹಚ್ಚಿದ್ದರಿಂದಲ್ಲ, ಮೂರು ದಿನ ಬಿಸಿಲಲ್ಲಿ ಒಣಗಲು ಬಿಟ್ಟು ಆಮೇಲೆ ಉಗುರಿನಲ್ಲಿ ಕೆರೆಯುವುದರಿಂದ. ಬಿಳಿ ಗಾಡಿಯಾದರೆ ಕುಂಕುಮದ ಕಲೆಯೂ ಉಳಿದೀತು. ಅಂದೇ ಸಂಜೆ ನೀರು ಹಾಕಿ ನೆನೆಸಿ ತೆಗೆದರೆ ಆಯಿತು. ಅದಕ್ಕಿಂತ ಹೂವಿನ ಹಾರ ಕಟ್ಟಿದ ತಂತಿಯ ತುದಿಯ ಮೇಲೆ ಕಣ್ಣಿಡಿ. ದೇವಸ್ಥಾನದಿಂದ ಮನೆಯ ತನಕ ಅದು ಬಾನೆಟ್ಟಿಗೆ ಬಡಿಯುತ್ತಲೇ ಬರುತ್ತದೆ.

‘ಒಂಬತ್ತು ಎಚ್ ಸೆರಾಮಿಕ್ ಹಾಕಿಸಿದರೆ ಗೀರೇ ಬೀಳಲ್ಲ’

ಒಂಬತ್ತು ಎಚ್ ಎಂದಾಗ ಶಾಲೆಯಲ್ಲಿ ಓದಿದ ಮೋಸ್ ಗಡಸುತನದ ಪಟ್ಟಿ ನೆನಪಾಗುತ್ತದೆ. ಆ ಪಟ್ಟಿಯಲ್ಲಿ 10 ಎಂದರೆ ವಜ್ರ, 9 ಎಂದರೆ ಮಾಣಿಕ್ಯ, ನೀಲಗಳ ಕುರುಂದ, ಕ್ವಾರ್ಟ್ಜ್‌ಗೆ 7. ಕೋಟಿಂಗ್ ಮಾರುವವರು ಈ ಗೊಂದಲವನ್ನು ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಅವರ 9 ಎಚ್ ಪೆನ್ಸಿಲ್ಲಿನದು. ಬೇರೆ ಬೇರೆ ಗಡಸುತನದ ಪೆನ್ಸಿಲ್ ಕಡ್ಡಿಗಳನ್ನು ಓರೆಯಾಗಿ ಒತ್ತಿ ತಳ್ಳಿ, ಯಾವುದಕ್ಕೆ ಪೇಂಟು ಗೀರು ಬಿಡುತ್ತದೆ ಎಂದು ನೋಡುವ ಪರೀಕ್ಷೆ ಅದು. ಅತಿ ಗಟ್ಟಿ ಪೆನ್ಸಿಲ್ಲಿಗೂ ಬಗ್ಗಲಿಲ್ಲ ಎಂದಷ್ಟೇ ಅರ್ಥ. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣು. ನಮ್ಮ ರಸ್ತೆಯ ಕಣ ಕಲ್ಲು.

ಹಾಗೆಂದು ಸೆರಾಮಿಕ್ ಕೋಟಿಂಗ್ ಬರೀ ಮೋಸವಲ್ಲ. ಸಿಲಿಕಾ ಮೂಲದ ಈ ದ್ರಾವಣ ಒಂದೆರಡು ಮೈಕ್ರಾನ್ ದಪ್ಪದ, ಪೇಂಟಿಗೆ ಬಿಗಿಯಾಗಿ ಕಚ್ಚಿಕೊಳ್ಳುವ ಪದರವಾಗುತ್ತದೆ. ಕೊಳೆ ಸುಲಭವಾಗಿ ಅಂಟುವುದಿಲ್ಲ, ತೊಳೆಯುವುದು ಹಗುರವಾಗುತ್ತದೆ, ವ್ಯಾಕ್ಸಿಗಿಂತ ಎಷ್ಟೋ ಹೆಚ್ಚು ಕಾಲ ಇರುತ್ತದೆ. ಕಡಿಮೆ ತಿಕ್ಕಿದರೆ ಕಡಿಮೆ ಗೀರು, ಅದರ ನಿಜವಾದ ಲಾಭ ಅಷ್ಟೇ. ಹೆದ್ದಾರಿಯಲ್ಲಿ ಲಾರಿ ಚಿಮ್ಮಿಸುವ ಜಲ್ಲಿ ಕಲ್ಲನ್ನು ಒಂದೆರಡು ಮೈಕ್ರಾನ್ ತಡೆಯಲಾರದು. ಅದಕ್ಕೆ 150–200 ಮೈಕ್ರಾನ್ ದಪ್ಪದ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಳೆಯೇ ಬೇಕು, ಅದರ ಬೆಲೆಯೂ ಆ ದಪ್ಪಕ್ಕೆ ತಕ್ಕಂತಿರುತ್ತದೆ. ಒಂದು ಎಚ್ಚರಿಕೆ: ಕೋಟಿಂಗ್ ಹಾಕುವ ಮುಂಚೆ ಮೆಷಿನ್ ಹಿಡಿದು ಪಾಲಿಶ್ ಮಾಡುವುದು ರೂಢಿ. ಹೊಸ ಗಾಡಿಯಲ್ಲಿ ಗೀರಿಲ್ಲದ ಕಡೆ ಮೆಷಿನ್ ಇಡಬೇಡಿ ಎಂದು ಮೊದಲೇ ಹೇಳಿ.

‘ಟೆಫ್ಲಾನ್ ಕೋಟಿಂಗ್’ ಮಾತ್ರ ಹೆಸರಿನ ಬಲದ ಮೇಲೆ ಮಾರಾಟವಾಗುವ ವಸ್ತು. ಟೆಫ್ಲಾನ್ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ದೋಸೆ ತವಾಕ್ಕೆ ಅದನ್ನು ಕೂರಿಸಲು ಅದಕ್ಕೂ ಮೇಲಿನ ಕಾವು ಬೇಕು. ಆ ಕಾವಿಗೆ ನಿಮ್ಮ ಕಾರಿನ ಪೇಂಟ್ ಸುಟ್ಟು ಕರಕಲಾಗುತ್ತದೆ. ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಕೈಯಿಂದ ಹಚ್ಚಿ ಒರೆಸುವುದು ಸೀಲಂಟ್ ಅಥವಾ ವ್ಯಾಕ್ಸ್ ಜಾತಿಯ ದ್ರವ, ಅದರಲ್ಲಿ ಟೆಫ್ಲಾನ್ ಕಣ ಇದ್ದರೂ ಪೇಂಟಿಗೆ ಬೆಸೆದುಕೊಳ್ಳುವುದಿಲ್ಲ.

ವ್ಯಾಕ್ಸಿನ ಮೇಲೆ ಹೊರಿಸಿದ ಹೊರೆ

ವ್ಯಾಕ್ಸ್ ಬಿಸಿಲನ್ನು ತಡೆಯುತ್ತದೆ, ತುಕ್ಕನ್ನು ತಡೆಯುತ್ತದೆ ಎಂದೆಲ್ಲ ಹೇಳುತ್ತಾರೆ. ಬಿಸಿಲಿನ ಕೆಲಸ ಕ್ಲಿಯರ್ ಕೋಟಿನದು. ಮಂಗಳೂರು, ಉಡುಪಿಯ ಉಪ್ಪು ಗಾಳಿಯಲ್ಲಿ ತುಕ್ಕು ಶುರುವಾಗುವುದು ಬಾಗಿಲಿನ ತಳದ ಅಂಚಿನಲ್ಲಿ, ಗಾಡಿಯ ಅಡಿಭಾಗದಲ್ಲಿ, ಕಲ್ಲು ಬಿದ್ದು ಪೇಂಟ್ ಹಾರಿದ ಕಡೆ. ಹೊಳೆಯುವ ಬಾನೆಟ್ಟಿಗೆ ಎಷ್ಟು ವ್ಯಾಕ್ಸ್ ಹಚ್ಚಿದರೂ ಅಲ್ಲಿಗೆ ತಲುಪುವುದಿಲ್ಲ. ಕರಾವಳಿಯವರು ಅಡಿಗೆ ನೀರು ಹೊಡೆಸಿ ಉಪ್ಪು ತೊಳೆಯುವುದೇ ಸರಿಯಾದ ಖರ್ಚು.

ವ್ಯಾಕ್ಸ್ ನಿಜಕ್ಕೂ ಮಾಡುವುದು ಸಮಯ ಕೊಡುವ ಕೆಲಸ. ಹಕ್ಕಿಯ ಹಿಕ್ಕೆ ಬಿದ್ದರೆ ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ, ತಂಪಾದಾಗ ಒಣಗಿದ ಹಿಕ್ಕೆಯ ಅಚ್ಚನ್ನು ಹಿಡಿದುಕೊಂಡೇ ಗಟ್ಟಿಯಾಗುತ್ತದೆ. ನಡುವೆ ವ್ಯಾಕ್ಸ್ ಇದ್ದರೆ ಪೆಟ್ಟು ಮೊದಲು ಅದಕ್ಕೆ. ಆದರೂ ಅಂದೇ ತೆಗೆಯಬೇಕು, ಒದ್ದೆ ಬಟ್ಟೆಯನ್ನು ಮೇಲೆ ಹೊದಿಸಿ ನೆನೆಸಿ ಎತ್ತಬೇಕು.

ಮಾವಿನ ಮರದ ಕೆಳಗೆ ನಿಲ್ಲಿಸಿದ ಗಾಡಿಯ ಮೇಲೆ ಸಣ್ಣ ಸಣ್ಣ ಅಂಟು ಹನಿ ಕೂರುತ್ತದಲ್ಲ, ಅದನ್ನು ಮರದ ಗೋಂದು ಎಂದೇ ಎಲ್ಲರೂ ಬೈಯುವುದು. ಮಾವು ಹೂಬಿಡುವ ಕಾಲದಲ್ಲಿ ಅದು ಹೆಚ್ಚಾಗಿ ಜಿಗಿಹುಳುವಿನ ವಿಸರ್ಜನೆ. ಹುಳು ಹೂಗೊಂಚಲಿನ ರಸ ಹೀರಿ, ಮಿಕ್ಕ ಸಕ್ಕರೆ ನೀರನ್ನು ಕೆಳಕ್ಕೆ ಸಿಡಿಸುತ್ತದೆ. ಸಕ್ಕರೆಯಾದ್ದರಿಂದ ಉಗುರುಬೆಚ್ಚಗಿನ ನೀರಿಗೇ ಕರಗುತ್ತದೆ. ಅದಕ್ಕೆ ಥಿನ್ನರ್, ಪೆಟ್ರೋಲ್ ಬೇಡ.

ಬೋರ್‌ವೆಲ್ ನೀರಿನಲ್ಲಿ ತೊಳೆಯುವವರಿಗೆ ವ್ಯಾಕ್ಸ್ ಹಚ್ಚಿದ ಗಾಡಿಯಲ್ಲಿ ಇನ್ನೊಂದು ಫಜೀತಿ. ನೀರು ಹನಿ ಹನಿಯಾಗಿ ನಿಲ್ಲುವುದನ್ನು ನೋಡಿ ಖುಷಿಪಡುತ್ತೇವೆ, ಒಂದೊಂದು ಹನಿಯೂ ಬಿಸಿಲಿಗೆ ಒಣಗಿ ಸುಣ್ಣದ ಬಿಳಿ ಉಂಗುರ ಬಿಡುತ್ತದೆ. ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿಬಿಡಬೇಕು. ಕೂತ ಉಂಗುರಕ್ಕೆ ನೀರು ಬೆರೆಸಿದ ವಿನಿಗರ್ ಹಚ್ಚಿ, ಕೂಡಲೇ ತೊಳೆಯುವುದು.

ಮ್ಯಾಟ್ ಫಿನಿಶ್ ಬೈಕು, ಕಾರುಗಳಿಗೆ ಈ ಯಾವ ವ್ಯಾಕ್ಸೂ ಪಾಲಿಶೂ ಸಲ್ಲದು. ತಿಕ್ಕಿದ ಕಡೆ ಮಾತ್ರ ಹೊಳೆದು ತೇಪೆ ಹಾಕಿದಂತಾಗುತ್ತದೆ, ಹೊಳಪು ಬಂದದ್ದನ್ನು ಮತ್ತೆ ಮಂಕು ಮಾಡಲು ಬರುವುದಿಲ್ಲ. ಇನ್ನು ಬೈಕಿಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಚ್ಚಿ ಒರೆಸಿ ಮಿಂಚಿಸುವುದು ನಮ್ಮ ಹಳ್ಳಿ ಪಟ್ಟಣಗಳಲ್ಲೆಲ್ಲ ಇದೆ. ಆ ಮಿಂಚು ಎಣ್ಣೆಯದು. ಬೈಪಾಸ್ ದಾಟುವಷ್ಟರಲ್ಲಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ರಬ್ಬರ್ ಭಾಗಗಳನ್ನು ಉಬ್ಬಿಸುತ್ತದೆ.

ಮನೆಯಲ್ಲೇ ವ್ಯಾಕ್ಸ್ ಹಚ್ಚುವವರು ದಪ್ಪಗೆ ಬಳಿದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಪೇಂಟಿಗೆ ಹಿಡಿಯುವುದು ತೆಳು ಪದರ ಮಾತ್ರ, ಮಿಕ್ಕದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ. ಬ್ರೆಜಿಲ್‌ನ ಕಾರ್ನೌಬಾ ತಾಳೆಗರಿಯಿಂದ ತೆಗೆದ ಮೇಣವಾದರೆ ನಮ್ಮ ಬಿಸಿಲಲ್ಲಿ ಕೆಲವು ವಾರದಿಂದ ಒಂದೆರಡು ತಿಂಗಳು, ಸಿಂಥೆಟಿಕ್ ಸೀಲಂಟ್ ಆದರೆ ನಾಲ್ಕಾರು ತಿಂಗಳು ಬಾಳಿಕೆ. ತೊಳೆದು ಒಣಗಿಸಿದ ಗಾಡಿಯನ್ನು ನೆರಳಿಗೆ ತನ್ನಿ, ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬೇಸಿಗೆಯ ಮಧ್ಯಾಹ್ನ ಕಪ್ಪು ತಗಡು 70 ಡಿಗ್ರಿ ದಾಟಬಹುದು, ಆಗ ಹಚ್ಚಿದರೆ ವ್ಯಾಕ್ಸ್ ಅಲ್ಲೇ ಒಣಗಿ ತೆಗೆಯಲು ತಿಕ್ಕಾಡಬೇಕಾಗುತ್ತದೆ. ಒಂದು ಬಾಗಿಲಿಗೆ ಬಟಾಣಿ ಗಾತ್ರದಷ್ಟು ಸಾಕು. ಹಚ್ಚುವ ಮೊದಲು ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ, ಅಲ್ಲಿ ಒಣಗಿದ ವ್ಯಾಕ್ಸಿನ ಬಿಳಿ ಗುರುತು ಸುಲಭಕ್ಕೆ ಬಿಡುವುದಿಲ್ಲ.