ಕುಡತಿನಿಯ ಬೂದಿ ಯಾವ ರಾಕ್ಷಸನದು?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ದೇವರು, ನಂಬಿಕೆ ಎಂದು ಮಾತಿಗೆ ಕೂತರೆ ಸಾಮಾನ್ಯವಾಗಿ ಎರಡು ಪಕ್ಷಗಳಾಗುತ್ತವೆ. ಪುರಾಣದಲ್ಲಿರುವುದೆಲ್ಲ ನಡೆದದ್ದೇ ಎನ್ನುವವರು ಒಂದು ಕಡೆ, ಎಲ್ಲವೂ ಕಟ್ಟುಕಥೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಮ್ಮೆ ಹೊಸಪೇಟೆ ರಸ್ತೆ ಹಿಡಿದು ಕುಡತಿನಿಯವರೆಗೆ ಹೋಗಿಬರಬೇಕು. ಅಲ್ಲಿ ರಸ್ತೆ ಪಕ್ಕದಲ್ಲೇ ಒಂದು ಬೂದಿದಿಬ್ಬವಿದೆ. ಭೀಮ ಕೊಂದ ರಾಕ್ಷಸನನ್ನು ಸುಟ್ಟ ಜಾಗ ಅದು ಎಂಬುದು ಹಳೆಯ ನಂಬಿಕೆ. ಹಂಪಿ ಸಮೀಪದ ನಿಂಬಾಪುರದಲ್ಲಿ ಇಂಥದೇ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ನಂಬಿಕೆ ಹುಟ್ಟುವ ಬಗೆಯನ್ನು ಕಣ್ಣಾರೆ ನೋಡಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ತಪ್ಪು ಕಲ್ಪನೆ: ಇಷ್ಟೊಂದು ಬೂದಿ ಬಿದ್ದಿದೆ ಎಂದರೆ ರಾಕ್ಷಸ ಇದ್ದಿರಲೇಬೇಕು.

ವಾಸ್ತವ: ಬೂದಿ ನಿಜ, ಬೆಂಕಿಯೂ ನಿಜ. ಸುಟ್ಟದ್ದು ಮಾತ್ರ ದನದ ಸಗಣಿ. ಲಂಡನ್ನಿನ ವಿಜ್ಞಾನಿ ಎಫ್. ಇ. ಝೂನರ್ ಬಳ್ಳಾರಿ ದಿಬ್ಬಗಳ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 1960ರಲ್ಲಿ ಇದನ್ನು ಖಚಿತಪಡಿಸಿದರು. ದಿಬ್ಬದ ಹೆಂಟೆಗಳನ್ನು ಗಮನಿಸಿದರೆ ಗೊಂದಲ ಯಾಕೆ ಆಯಿತೆಂದು ತಿಳಿಯುತ್ತದೆ. ಕೆಲವು ಮೆತ್ತಗೆ, ಮುಟ್ಟಿದರೆ ಬೆರಳಿಗೆ ಬಿಳಿ ಬೂದಿ ಹತ್ತುತ್ತದೆ. ಕೆಲವು ಕಲ್ಲಿನಂತೆ ಗಟ್ಟಿ, ಆದರೆ ಹಗುರ. ಮೈತುಂಬ ಗುಳ್ಳೆಯ ತೂತು, ಅಲ್ಲಲ್ಲಿ ಗಾಜಿನ ಹೊಳಪು. ದನ ಮೇಯುವ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ರಾಶಿ ರಾಶಿ ಸಗಣಿ ದಿನಗಟ್ಟಲೆ ಉರಿದಾಗ ಆ ಸಿಲಿಕಾ ಬೂದಿಯ ಕ್ಷಾರದೊಡನೆ ಕರಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಮಾಮೂಲಿ ಒಲೆಯ ಬೂದಿ ಕಂಡವರಿಗೆ ಇದು ಮನುಷ್ಯರು ಹಚ್ಚಿದ ಬೆಂಕಿಯದು ಎಂದು ತೋಚದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ತಮಾಷೆ ನೋಡಿ. ನಮ್ಮಲ್ಲಿ ಹಣೆಗೆ ಹಚ್ಚುವ ವಿಭೂತಿಯನ್ನು ಮಾಡುವುದೂ ಸುಟ್ಟ ಸಗಣಿಯಿಂದಲೇ. ಒಂದೇ ವಸ್ತು ಒಂದು ಕಡೆ ಶಿವನ ಪ್ರಸಾದ, ಮತ್ತೊಂದು ಕಡೆ ರಾಕ್ಷಸನ ಶೇಷ!

ತಪ್ಪು ಕಲ್ಪನೆ: ಹಳ್ಳಿಯವರು ಮೂಢರು, ಓದಿದವರು ಬಂದ ಕೂಡಲೇ ನಿಜ ಹೊರಬಿತ್ತು.

ವಾಸ್ತವ: ಓದಿದವರೂ ನೂರು ವರ್ಷಕ್ಕೂ ಹೆಚ್ಚು ಕಾಲ ತಡಕಾಡಿದರು. 1830ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದ ಮೇಲೆ ಊಹೆಗಳ ಸಂತೆಯೇ ನೆರೆಯಿತು. ಜ್ವಾಲಾಮುಖಿಯ ಕಲ್ಲು ಎಂದರು, ಲೋಹ ಕರಗಿಸಿದ ಕಿಟ್ಟ ಎಂದರು, ಯುದ್ಧದಲ್ಲಿ ಸತ್ತವರನ್ನು ಒಟ್ಟಿಗೆ ಸುಟ್ಟದ್ದು ಎಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿಯ ಬೂದಿ, ಶಿಲಾಯುಗದವರ ಕೆಲಸ ಎಂದು ಗುರುತಿಸಿದರೂ ಎಲ್ಲರೂ ಒಪ್ಪಲಿಲ್ಲ. ಜ್ವಾಲಾಮುಖಿ ಎಂದ ಸಾಹೇಬರಿಗಿಂತ, ಯಾರೋ ಇಲ್ಲಿ ಏನನ್ನೋ ಸುಟ್ಟಿದ್ದಾರೆ ಎಂದ ಕುಡತಿನಿಯ ರೈತನೇ ನಿಜಕ್ಕೆ ಹತ್ತಿರವಿದ್ದ. ಅವನ ಕಣ್ಣು ಸರಿಯಾಗಿಯೇ ಕಂಡಿತ್ತು, ಹೆಸರು ಮಾತ್ರ ಮಹಾಭಾರತದಿಂದ ಬಂತು.

ತಪ್ಪು ಕಲ್ಪನೆ: ರಾಮಾಯಣ, ಮಹಾಭಾರತದ ನೆನಪಾಗಿಯೇ ಈ ದಿಬ್ಬಗಳು ಉಳಿದಿವೆ.

ವಾಸ್ತವ: ದಿಬ್ಬ ಮೊದಲು, ಕಥೆ ಆಮೇಲೆ. ದಕ್ಷಿಣದ ಬೂದಿದಿಬ್ಬಗಳ ಕಾಲ ಸುಮಾರು ಕ್ರಿ.ಪೂ. 3000ದಿಂದ 1200. ಇವನ್ನು ಬಿಟ್ಟುಹೋದ ನವಶಿಲಾಯುಗದ ದನಗಾಹಿಗಳು ಕುಡತಿನಿಯಲ್ಲಷ್ಟೇ ಅಲ್ಲ, ಸಂಗನಕಲ್ಲಿನಲ್ಲಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಬದುಕಿದ್ದರು. ತೆಕ್ಕಲಕೋಟೆಯ ಗುಡ್ಡದ ಮೇಲೆ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಆ ದನಗಾಹಿಗಳು ಏನು ಭಾಷೆ ಆಡುತ್ತಿದ್ದರೋ, ಯಾವ ದೇವರಿಗೆ ಕೈಮುಗಿಯುತ್ತಿದ್ದರೋ ಬರಹದಲ್ಲಿ ಉಳಿದಿಲ್ಲ. ಅವರು ಮರೆಯಾದ ಮೇಲೆ ಬಂದವರಿಗೆ ಕಂಡದ್ದು ವಾರಸುದಾರರಿಲ್ಲದ ಬೂದಿ. ಗೊತ್ತಿದ್ದ ಕಥೆಗಳಲ್ಲಿ ಇದಕ್ಕೆ ಹೊಂದುವ ದೇಹ ರಾಕ್ಷಸನದು, ಇಲ್ಲವೇ ವಾಲಿಯದು. ಐರ್ಲೆಂಡಿನ ಕಡಲ ದಂಡೆಯ ಕಂಬದಾಕಾರದ ಬಂಡೆಗಳನ್ನೂ ಅಲ್ಲಿನವರು ದೈತ್ಯ ಕಟ್ಟಿದ ದಾರಿ ಎಂದೇ ಕರೆದರು.

ತಪ್ಪು ಕಲ್ಪನೆ: ಧರ್ಮ ಹುಟ್ಟಿದ್ದೇ ಅರ್ಥವಾಗದ್ದಕ್ಕೆ ಕಾರಣ ಹೇಳಲು.

ವಾಸ್ತವ: 1871ರಲ್ಲಿ ಎಡ್ವರ್ಡ್ ಟೈಲರ್ ಎಂಬ ಮಾನವಶಾಸ್ತ್ರಜ್ಞ ಹೆಚ್ಚುಕಡಿಮೆ ಇದನ್ನೇ ವಾದಿಸಿದ. ರಾಕ್ಷಸನ ಕಥೆಗೆ ಆ ಮಾತು ಒಪ್ಪುತ್ತದೆ, ಸಗಣಿ ಸುಟ್ಟ ಬೆಂಕಿಗೆ ಒಪ್ಪುವುದಿಲ್ಲ. ಹಳೆಯ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ಕಂಬ ನೆಟ್ಟು ಮಾಡಿದ ದೊಡ್ಡಿಯ ಗುರುತು, ದನದ ಗೊರಸಿನ ಅಚ್ಚು, ಮತ್ತೆ ಮತ್ತೆ ಸುಟ್ಟ ಪದರಗಳು ಸಿಕ್ಕವು. ಹೊಲಕ್ಕೆ ಗೊಬ್ಬರವಾಗುವ ಸಗಣಿಯನ್ನು ಇವರು ಬೇಕೆಂದೇ ಸುಟ್ಟದ್ದು ಯಾಕೆ? ದನಗಳ ಕ್ಷೇಮಕ್ಕಾಗಿ ಋತುವಿಗೊಮ್ಮೆ ನಡೆಸುತ್ತಿದ್ದ ಆಚರಣೆ ಇದ್ದಿರಬೇಕು ಎಂಬುದು ಆಲ್ಚಿನ್ ಊಹೆ. ಕಸ ಸುಡುವ ಕೆಲಸವಷ್ಟೇ ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಆಲ್ಚಿನ್ ಮಾತೇ ಹೆಚ್ಚು ಹಿಡಿಸುತ್ತದೆ, ಕಸಕ್ಕಾಗಿ ಯಾರೂ ಅದೇ ಜಾಗದಲ್ಲಿ ತಲೆಮಾರುಗಟ್ಟಲೆ ಗುಡ್ಡ ಬೆಳೆಸುವುದಿಲ್ಲ. ಆಲ್ಚಿನ್ ಊಹೆ ಸರಿಯಾದರೆ ಇಲ್ಲಿ ಯಾರೂ ಯಾವ ಪ್ರಶ್ನೆಗೂ ಉತ್ತರ ಹುಡುಕಿರಲಿಲ್ಲ. ದನ ಉಳಿಯಲಿ ಎಂದು ಊರವರು ಕೂಡಿ ಬೆಂಕಿ ಹಚ್ಚಿದ್ದರು, ಅಷ್ಟೆ.

ತಪ್ಪು ಕಲ್ಪನೆ: ಹಾಗಾದರೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದು ಐದು ಸಾವಿರ ವರ್ಷದ ಪದ್ಧತಿ.

ವಾಸ್ತವ: ಹೋಲಿಕೆ ಇದೆ, ಪುರಾವೆ ಇಲ್ಲ. ನಡುವಿನ ಸಾವಿರಾರು ವರ್ಷಗಳ ಕೊಂಡಿ ಸಿಕ್ಕಿಲ್ಲ.

ತಪ್ಪು ಕಲ್ಪನೆ: ರಾಕ್ಷಸ ಸುಳ್ಳಾದ ಮೇಲೆ ದೇವರೂ ಸುಳ್ಳು.

ವಾಸ್ತವ: ಈ ಬೂದಿಯಿಂದ ಅಷ್ಟು ದೂರದ ತೀರ್ಪು ಹೊರಡುವುದಿಲ್ಲ. ಒಂದು ನಂಬಿಕೆ ಎಲ್ಲಿಂದ ಬಂತು ಎನ್ನುವುದು ಒಂದು ಪ್ರಶ್ನೆ, ಅದು ನಿಜವೇ ಎನ್ನುವುದು ಇನ್ನೊಂದು. ಆದರೆ ಇಂಥ ಕಡೆ ಇಂಥದು ನಡೆಯಿತು ಎಂದು ನಂಬಿಕೆ ನೆಲದ ಮೇಲೆ ಬೆರಳಿಟ್ಟು ತೋರಿಸಿದರೆ, ಆ ನೆಲವನ್ನು ಅಗೆದು ನೋಡುವ ಹಕ್ಕು ಎಲ್ಲರಿಗೂ ಇದೆ. ನಂಬಿಕೆಗೆ ನೋವಾಗುತ್ತದೆ ಎಂದು ಅಗೆಯದೆ ಬಿಟ್ಟಿದ್ದರೆ ನಮ್ಮ ಸೀಮೆಯ ಮೊದಲ ದನಗಾಹಿಗಳ ಸುದ್ದಿಯೇ ನಮಗೆ ಸಿಗುತ್ತಿರಲಿಲ್ಲ.

ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಗುರುತಾಗಿವೆ. ಹಲವು ದಿಬ್ಬಗಳ ಬೂದಿ ಹೊಲಗಳಿಗೆ ಗೊಬ್ಬರವಾಗಿ ಹೋಗಿ, ಈಗ ಅರ್ಧಂಬರ್ಧ ಉಳಿದಿವೆ. ಬಳ್ಳಾರಿಯಲ್ಲೇ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಮೊದಲು ಅಲ್ಲಿಗೆ, ಆಮೇಲೆ ಕುಡತಿನಿಗೆ ಹೋಗಿ. ದಿಬ್ಬದಿಂದ ಒಂದು ಹೆಂಟೆಯನ್ನೂ ಮನೆಗೆ ತರಬೇಡಿ.