ಬೆಲೆಯ ಸುದ್ದಿ ಮೊದಲು ಯಾರಿಗೆ ಮುಟ್ಟುತ್ತದೆ?

ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮುಂಬೈನಿಂದ ಬೆಂಗಳೂರಿಗೆ 1,000 ಕಿಲೋಮೀಟರ್ ಕೇಬಲ್ ಇದೆ ಎಂದಿಟ್ಟುಕೊಂಡರೆ, ಶೇರು ಬೆಲೆಯ ಸುದ್ದಿ ಇಲ್ಲಿಗೆ ಬರಲು 5 ಮಿಲಿಸೆಕೆಂಡ್ ಬೇಕು. ನಮಗೆ ಅದು ಲೆಕ್ಕಕ್ಕೇ ಬಾರದ ಹೊತ್ತು. ಆದರೆ ವಹಿವಾಟು ನಡೆಸುವ ಕಂಪ್ಯೂಟರುಗಳು ಮೈಕ್ರೊಸೆಕೆಂಡ್‌ಗಳಲ್ಲಿ ತೀರ್ಮಾನ ತೆಗೆದುಕೊಳ್ಳುತ್ತವೆ. ಹಾಗಾಗಿಯೇ ಬ್ರೋಕರುಗಳು ತಮ್ಮ ಸರ್ವರುಗಳನ್ನು ಶೇರು ವಿನಿಮಯ ಕೇಂದ್ರದ ಕಟ್ಟಡದೊಳಗೇ ಬಾಡಿಗೆ ಜಾಗ ಪಡೆದು ಇಡುತ್ತಾರೆ. ಇದಕ್ಕೆ ಕೋ-ಲೊಕೇಶನ್ ಎನ್ನುತ್ತಾರೆ.

ದೂರದ ಸಮಸ್ಯೆ ಅಲ್ಲಿಗೆ ತೀರಿತು, ಸರದಿಯ ಸಮಸ್ಯೆ ತೀರಲಿಲ್ಲ. ಮುಂಬೈನ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) 2010ರ ಹೊತ್ತಿಗೆ ಪ್ರತಿ ವಹಿವಾಟಿನ ಮಾಹಿತಿ ಟಿಸಿಪಿ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಹೋಗುತ್ತಿತ್ತು. ಟಿಸಿಪಿಯಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಸಂಪರ್ಕ. ಅದೇ ಸಂದೇಶವನ್ನು ಸರ್ವರ್ ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸಬೇಕು. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಮೊದಲ ಎಲೆಗೆ ಮೊದಲು. ಬೆಳಿಗ್ಗೆ ಯಾರು ಮೊದಲು ಲಾಗಿನ್ ಆಗುತ್ತಾರೋ ಅವರಿಗೆ ಸುದ್ದಿಯೂ ಮೊದಲು ಸಿಗುತ್ತಿತ್ತು ಎಂಬುದೇ ಆಮೇಲೆ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಡೆಸಿದ ತನಿಖೆಯ ಮುಖ್ಯ ವಿಷಯಗಳಲ್ಲೊಂದಾಯಿತು.

ಇದಕ್ಕೆ ಪರಿಹಾರವೆಂದರೆ ಮಲ್ಟಿಕಾಸ್ಟ್. ಎನ್‌ಎಸ್‌ಇಯೂ ಆಮೇಲೆ ಇದನ್ನೇ ತಂದಿತು. ಇದರಲ್ಲಿ ಸರ್ವರ್ ಸಂದೇಶವನ್ನು ಒಂದೇ ಸಲ ಹೊರಬಿಡುತ್ತದೆ. ಪ್ರತಿಗಳನ್ನು ಮಾಡಿ ಅದನ್ನು ಬಯಸಿದ ಎಲ್ಲ ಪೋರ್ಟುಗಳಿಗೂ ಹಂಚುವ ಕೆಲಸ ನೆಟ್‌ವರ್ಕ್ ಸ್ವಿಚ್‌ನದು. ಅದು ಹಾರ್ಡ್‌ವೇರ್‌ನಲ್ಲೇ ನಡೆಯುವುದರಿಂದ ಮೊದಲಿನವರಿಗೂ ಕೊನೆಯವರಿಗೂ ನಡುವಿನ ಅಂತರ ನಗಣ್ಯ.

ಆದರೆ ಮಲ್ಟಿಕಾಸ್ಟ್‌ನಲ್ಲಿ 'ತಲುಪಿತು' ಎಂದು ಮರಳಿ ಹೇಳುವವರಿಲ್ಲ. ದಾರಿಯಲ್ಲಿ ಪ್ಯಾಕೆಟ್ ಬಿದ್ದುಹೋದರೆ ಕಳಿಸಿದವರಿಗೆ ಗೊತ್ತೇ ಆಗದು. ಹಾಗಾಗಿ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದೆ. 4501, 4502 ಆದಮೇಲೆ 4504 ಬಂತೆಂದರೆ ಪ್ರೋಗ್ರಾಮ್ ಅಲ್ಲೇ ತಡೆಯಬೇಕು. ಕಳೆದುಹೋದ 4503 ಒಂದು ದೊಡ್ಡ ಆರ್ಡರು ರದ್ದಾದ ಸುದ್ದಿಯಾಗಿರಬಹುದು. ಅದು ಗೊತ್ತಿಲ್ಲದೆ ಮುಂದುವರಿದರೆ, ಇಲ್ಲದ ಬೆಲೆಯನ್ನು ಇದೆ ಎಂದು ನಂಬಿ ಹಣ ಹೂಡಿದಂತೆ. ಇದನ್ನು ತಪ್ಪಿಸಲು ದೊಡ್ಡ ವಿನಿಮಯ ಕೇಂದ್ರಗಳು ಒಂದೇ ಮಾಹಿತಿಯನ್ನು ಎ ಮತ್ತು ಬಿ ಎಂಬ ಎರಡು ಬೇರೆ ದಾರಿಗಳಲ್ಲಿ ಕಳಿಸುತ್ತವೆ. ಯಾವುದು ಮೊದಲು ಬಂತೋ ಅದನ್ನು ತೆಗೆದುಕೊಂಡು ಇನ್ನೊಂದನ್ನು ಬಿಡುವುದು ರೂಢಿ. ಎರಡರಲ್ಲೂ ಸಿಗದಿದ್ದರೆ ಮಾತ್ರ ಮರುಪ್ರತಿ ಕೇಳಬೇಕು. ಈ ಭಾಗವನ್ನು ಸರಿಯಾಗಿ ಬರೆಯುವುದು ವೇಗ ಹೆಚ್ಚಿಸುವುದಕ್ಕಿಂತ ಕಷ್ಟ ಎಂಬುದು ನನ್ನ ಅಭಿಪ್ರಾಯ.

ಸರ್ವರಿನೊಳಗೂ ಸಮಯ ಸೋರುತ್ತದೆ. ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ಯಾಕೆಟ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮೂಲಕ ಹಾದು, ನಕಲಾಗಿ ಪ್ರೋಗ್ರಾಮಿಗೆ ಸೇರುತ್ತದೆ. ಕರ್ನಲ್ ಬೈಪಾಸ್ ವಿಧಾನದಲ್ಲಿ ಕಾರ್ಡು ನೇರವಾಗಿ ಪ್ರೋಗ್ರಾಮಿನ ಮೆಮೊರಿಗೇ ಬರೆಯುತ್ತದೆ. ಅದನ್ನು ನೋಡುತ್ತಿರಲು ಪ್ರೊಸೆಸರಿನ ಒಂದು ಕೋರ್ ಬೇರೆ ಯಾವ ಕೆಲಸವನ್ನೂ ಮಾಡದೆ ದಿನವಿಡೀ ಸುತ್ತುತ್ತಿರುತ್ತದೆ.

ಅಮೆರಿಕದ ಐಇಎಕ್ಸ್ ಎಂಬ ಶೇರು ವಿನಿಮಯ ಕೇಂದ್ರ ಹಿಡಿದ ದಾರಿ ವೇಗದ ಈ ಪೈಪೋಟಿಗೆ ತೀರಾ ವಿರುದ್ಧ. ಬರುವ ಆರ್ಡರುಗಳನ್ನು ಅದು 38 ಮೈಲಿ ಉದ್ದದ ಫೈಬರ್ ಸುರುಳಿಯಲ್ಲಿ ಹಾಯಿಸಿ 350 ಮೈಕ್ರೊಸೆಕೆಂಡ್ ತಡ ಮಾಡುತ್ತದೆ. ಅಷ್ಟರಲ್ಲಿ ಬೇರೆ ಪೇಟೆಗಳ ಹೊಸ ಬೆಲೆ ಓದಿ, ಆ ಬೆಲೆಗಳಿಗೆ ಹೊಂದಿಕೊಂಡ ತನ್ನಲ್ಲಿನ ಆರ್ಡರುಗಳನ್ನು ಸರಿಪಡಿಸಿಕೊಂಡಿರುತ್ತದೆ. ಹಳೆಯ ಬೆಲೆಗೆ ಕೊಳ್ಳಲು ಧಾವಿಸಿದವರಿಗೆ ಆ ಬೆಲೆ ಸಿಗುವುದಿಲ್ಲ.